ಏನು ಬೇಡ?

ಅಮ್ಮನಿಗೆ ನೆನಪಿರುವ ಮಟ್ಟಿಗೆ, ಬಂಗಾರಿ ಮೊಟ್ಟಮೊದಲ ಸಲ ಬೇಡ ಎಂದದ್ದು ಒಂದು ಬೇಯಿಸಿದ ಮೊಟ್ಟೆಗೆ. ಶುಕ್ರವಾರ ಬೆಳಗ್ಗೆ ಅಮ್ಮ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ತಾನು ಕೆಲಸ ಮಾಡುವ ಲಾಂಡ್ರಿಯ ಬೀಗದ ಕೈಗೊಂಚಲು ಹಿಡಿದು ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದ ಹೊತ್ತಿನಲ್ಲಿ, ಹುಡುಗಿ ತಟ್ಟೆಗೆ ಬಿದ್ದ ಮೊಟ್ಟೆಯನ್ನು ಬೆರಳಿನಿಂದ ಆಚೆ ತಳ್ಳಿ ಬೇಡ ಎಂದುಬಿಟ್ಟಳು. ಹದಿನಾರು ವರ್ಷದಿಂದ ಬೆಳಗಾದರೆ ಮೊಟ್ಟೆ ತಿಂದುಕೊಂಡು ಬಂದ ಮಗು. ಅಜ್ಜಿ ಬಿಸಿನೀರಿನ ಲೋಟ ಕೆಳಗಿಟ್ಟು ಮೊಮ್ಮಗಳ ಹಣೆ ಮುಟ್ಟಿ ನೋಡಿದರು. ಅಪ್ಪ ಬಸ್ ಡ್ರೈವರು, ಬೆಳಗಿನ ಪಾಳಿಗೆ ಆಗಲೇ ಹೋಗಿಯಾಗಿತ್ತು. ಸುದ್ದಿ ಅವನಿಗೆ ಮಧ್ಯಾಹ್ನ ಫೋನಿನಲ್ಲಿ ತಲುಪಿತು. ಅವನು ನಕ್ಕು, ಮೊಟ್ಟೆ ಹಳಸಿರಬೇಕು ಎಂದ.

ಬಂಗಾರಿ ಎಂದು ಕರೆದದ್ದು ಅಜ್ಜಿ. ಕರೆಯುವ ಹಾಗೇ ಇದ್ದಳು. ಯಾವ ಬಣ್ಣದ ಅಂಗಿ ಬೇಕು ಎಂದರೆ ಅಮ್ಮನಿಗೆ "ನಿನ್ನಿಷ್ಟ", ಅಪ್ಪನಿಗೆ "ನಿಮ್ಮಿಷ್ಟ". ಊಟಕ್ಕೆ ಏನು ಮಾಡಲಿ, ರಜೆಗೆ ಎಲ್ಲಿಗೆ ಹೋಗೋಣ, ಫ್ಯಾನು ಹಾಕಲಾ ಆರಿಸಲಾ, ಎಲ್ಲಕ್ಕೂ ಅದೊಂದೇ ಉತ್ತರ. ಗಂಜಿ ಹಾಕದ ಬಟ್ಟೆಯ ಹಾಗೆ ಯಾರು ಹೇಗೆ ಮಡಿಸಿದರೂ ಮಡಿಸಿಕೊಳ್ಳುತ್ತಿದ್ದಳು. ಇಂಥ ಮಗಳನ್ನು ಹೆತ್ತದ್ದಕ್ಕೆ ಅಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದಳು. ಬೇರೆಯವರ ಮಕ್ಕಳು ಬಾಗಿಲು ಬಡಿಯುವ ಸದ್ದು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಎಲ್ಲ ಕೆಟ್ಟದ್ದು ಮಹಡಿಯ ಮೇಲ್ಮನೆಯ ಹುಡುಗಿಯಿಂದ. ಅವಳೂ ಇವಳೂ ಐದನೇ ವಯಸ್ಸಿನಿಂದ ಜೋಡಿ. ಅವಳು ನಕ್ಕಂತೆ ಇವಳ ನಗು, ಅವಳು ಬರೆದಂತೆ ಇವಳ ಅಕ್ಷರ. ಅವಳಿಗೆ ಕನ್ನಡಕ ಬಂದಾಗ ಇವಳಿಗೂ ಬೋರ್ಡು ಮಂಜಾಗಿ ಕಾಣತೊಡಗಿತು. ಕಣ್ಣಿನ ಡಾಕ್ಟರು ಏನೂ ಇಲ್ಲ ಎಂದು ವಾಪಸು ಕಳಿಸಿದರು. ಹತ್ತನೇ ಕ್ಲಾಸಿನ ನಡುವಿನಲ್ಲಿ ಆ ಮಹಾರಾಯ್ತಿ ಹೊಸ ಗೆಳತಿಯರನ್ನು ಕಟ್ಟಿಕೊಂಡು, ಎಲ್ಲರೆದುರು ಇವಳನ್ನು "ನನ್ನ ಜೆರಾಕ್ಸು" ಎಂದು ಕರೆದು ಬಿಟ್ಟುಹೋದಳು. ಅದಾದ ಮೇಲೆ ಬಂಗಾರಿ ಮೂರು ವಾರ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಟೀಚರು 'ನಾನು' ಎಂಬ ವಿಷಯಕ್ಕೆ ಎರಡು ಪುಟ ಬರೆದುಕೊಡಲು ಹೇಳಿದ್ದರು. ಇವಳು ಕಳಿಸಿದ್ದು ಎರಡು ಖಾಲಿ ಹಾಳೆ. ಟೀಚರೇ ಅಮ್ಮನನ್ನು ಕರೆಸಿ, ಆರೋಗ್ಯ ಕೇಂದ್ರದ ಮಹಡಿಯಲ್ಲಿ ಹದಿಹರೆಯದವರಿಗೆಂದೇ ಕೌನ್ಸೆಲರ್ ಕೂರುತ್ತಾರೆ, ಒಮ್ಮೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಹಾಗೆ ಗುರುವಾರ ಗುರುವಾರ ಸಂಜೆಯ ಓಡಾಟ ಶುರುವಾಯಿತು. ಅಜ್ಜಿಗೆ ಗಣಿತದ ಟ್ಯೂಷನ್ ಎಂದು ಹೇಳಿದರು. ಇದು ಅಪ್ಪನ ಉಪಾಯ. ಅವನಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕೌನ್ಸೆಲರ್ ಮೇಡಮ್ ನಡುವಯಸ್ಸಿನ, ಸಣ್ಣ ದನಿಯ ಹೆಂಗಸು. ಅವರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಗಡಿಯಾರ, ಮೇಜಿನ ಮೇಲೆ ಮೋಟು ಪೆನ್ಸಿಲುಗಳ ಡಬ್ಬಿ. ಅಷ್ಟು ಮಾತ್ರ ಅಮ್ಮನಿಗೆ ಗೊತ್ತು, ಏಕೆಂದರೆ ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಕಾಣುವುದು ಅಷ್ಟೇ. ಮುಕ್ಕಾಲು ಗಂಟೆ ಅವಳು ಹೊರಗಿನ ಬೆಂಚಿನಲ್ಲಿ, ಹಲ್ಲಿನ ಆರೈಕೆಯ ಚಿತ್ರಪಟದ ಕೆಳಗೆ ಕೂತಿರಬೇಕು. ಎರಡನೇ ವಾರ ತಡೆಯಲಾರದೆ, ಒಳಗೆ ಏನು ಮಾತಾಡುತ್ತೀರಿ ಎಂದು ಕೇಳಿಯೇಬಿಟ್ಟಳು.

"ಅದು ಅವಳ ಮಾತು. ಅವಳೇ ಹೇಳ್ಬೇಕು," ಎಂದರು ಮೇಡಮ್.

"ಅವಳು ಹೇಳಲ್ವಲ್ಲ. ಹೇಳೋ ಹಾಗಿದ್ರೆ ಇಲ್ಲಿಗ್ಯಾಕೆ ಕರ್ಕೊಂಡು ಬರ್ತಿದ್ದೆ?"

"ಇನ್ನೊಂದಷ್ಟು ದಿನ ಮನೇಲಿ ಸ್ವಲ್ಪ ಕಿರಿಕಿರಿ ಆಗ್ಬಹುದು. ತಡ್ಕೊಳ್ಳಿ."

ಕಿರಿಕಿರಿ ಎಂದರೆ ಏನೆಂದು ಅಮ್ಮನಿಗೆ ತಿಳಿದದ್ದು ಮಾರನೇ ಬೆಳಗ್ಗೆ, ಆ ಮೊಟ್ಟೆಯಿಂದ. ಅಲ್ಲಿಂದ ಮುಂದೆ ಆ ಹುಡುಗಿಯ ಬಾಯಲ್ಲಿ ಬೇರೆ ಮಾತೇ ಇಲ್ಲ. ಪಾತ್ರೆ ತೊಳೆದಿಡು ಎಂದರೆ ಬೇಡ. ತಲೆ ಬಾಚುತ್ತೇನೆ ಬಾ ಎಂದರೆ ಬೇಡ. ಬದನೆಕಾಯಿ ಬೇಡ. ಹಸಿರು ಸ್ವೆಟರು ಬೇಡ. ಅದನ್ನು ಅಮ್ಮ ಚಳಿಗಾಲವಿಡೀ ಕೂತು ಹೆಣೆದಿದ್ದಳು. ಒಂದು ರಾತ್ರಿಯಂತೂ ಮಲಗಿದಳೇ ಎಂದು ನೋಡಲು ಕೋಣೆಗೆ ಹೋದವಳಿಗೆ, ದೀಪ ಆರಿಸಲಾ ಎಂದು ಕೇಳಿದ್ದಕ್ಕೆ ಬೇಡ, ಹಾಗಾದರೆ ಹಾಕಿರಲಾ ಎಂದದ್ದಕ್ಕೂ ಬೇಡ. ಅಮ್ಮನ ತಲೆ ಚಿಟ್ಟು ಹಿಡಿದುಹೋಯಿತು.

"ಟ್ಯೂಷನ್ನಿಗೆ ಕಳಿಸಿ ಏನು ಬಂತು? ಕಲಿತದ್ದು ಒಂದೇ ಮಾತು," ಎಂದು ಅಜ್ಜಿ ಸೊಪ್ಪು ಬಿಡಿಸುತ್ತ ಗೊಣಗಿದರು. "ಆ ಮೇಡಮ್ಮಿಗೆ ಕೂಡೋದು ಬರಲ್ವೇನೋ, ಬರೀ ಕಳೆಯೋದನ್ನೇ ಕಲಿಸ್ತಾ ಇದ್ದಾಳೆ."

ಅಮ್ಮನ ಮೈಯೆಲ್ಲ ಉರಿಸಿದ್ದು ಇನ್ನೊಂದು ಸಂಗತಿ. ಆ ಬೇಡವೆಲ್ಲ ಅವಳೊಬ್ಬಳ ಪಾಲಿಗೆ. ಅಪ್ಪ ಕೂಗಿ ಶೂಸು ತಾ ಎಂದರೆ ಹುಡುಗಿ ತಂದುಕೊಡುತ್ತಿದ್ದಳು. ಅಜ್ಜಿ ಕಾಲು ಒತ್ತು ಎಂದರೆ ಒತ್ತುತ್ತಿದ್ದಳು. ದುಡಿದು ಬಂದು, ಬೇಯಿಸಿ, ಬೆಂಚು ಕಾಯುವ ತಾಯಿಗೆ ಮಾತ್ರ ಬೇಡದ ಅಭಿಷೇಕ. ನಾನೇನು ಪಾಪ ಮಾಡಿದ್ದೇನೆ ಎಂದು ಅವಳು ಗಂಡನನ್ನು ಕೇಳಿದರೆ, ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, ನನ್ನ ಹತ್ತಿರ ಸರಿಯಾಗೇ ಇದ್ದಾಳಲ್ಲ ಎಂದ. ಆ ಹೊತ್ತಿಗೆ ಅವನ ತಲೆಯ ಮೇಲೆ ತಟ್ಟೆ ಬೋರಲು ಹಾಕುವಷ್ಟು ಸಿಟ್ಟು ಬಂದದ್ದನ್ನು ಅಮ್ಮ ಹೇಗೋ ನುಂಗಿಕೊಂಡಳು.

ಲಾಂಡ್ರಿಯಲ್ಲೂ ಅವಳಿಗೆ ಆ ಪದದಿಂದ ಬಿಡುಗಡೆಯಿರಲಿಲ್ಲ. ಮೂರು ವರ್ಷದ ಹಿಂದೆ ಒಬ್ಬ ಗಿರಾಕಿಯ ಉಣ್ಣೆ ಕೋಟು ತೆಗೆದುಕೊಳ್ಳುವಾಗ, ನೀರಿಗೆ ಹಾಕಬೇಕಾ, ಡ್ರೈವಾಶ್ ಮಾಡಬೇಕಾ ಎಂದು ಅವಳು ಕೇಳಿದ್ದಳು. ಆತ ಫೋನಿನಲ್ಲಿ ಮಾತಾಡುತ್ತಲೇ ಬೇಡ ಎಂದು ಹೊರಟುಹೋದ. ಅವಳು ಡ್ರೈವಾಶ್ ಬೇಡ ಎಂದು ಬರೆದುಕೊಂಡಳು. ಕೋಟು ನೀರು ಕುಡಿದು ಐದು ವರ್ಷದ ಮಗುವಿಗಾಗುವಷ್ಟಾಗಿ ಹೊರಬಂತು. ಅಂದಿನಿಂದ ಮಾಲೀಕ ಕೌಂಟರಿನ ಗಾಜಿಗೆ ಒಳಗಡೆಯಿಂದ ಒಂದು ಚೀಟಿ ಅಂಟಿಸಿದ್ದ: ಬೇಡ ಎಂದರೆ ಏನು ಬೇಡ? ಕೇಳಿ ಬರೆಯಿರಿ. ಅದನ್ನು ಅವಳು ಶಿರಸಾವಹಿಸಿ ಪಾಲಿಸುತ್ತಿದ್ದಳು. ಗಂಜಿ ಬೇಡವಾ, ಇಸ್ತ್ರಿ ಬೇಡವಾ, ಹ್ಯಾಂಗರು ಬೇಡವಾ, ಒಂದೊಂದನ್ನೂ ಬಿಡಿಸಿ ಕೇಳಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು ತೆಗೆದು ರಸೀದಿಯ ಮೇಲೆ ಬರೆದು, ನಂಬರಿನ ಬಟ್ಟೆಚೂರನ್ನು ಕಾಲರಿಗೆ ಪಿನ್ನಿನಿಂದ ಸಿಕ್ಕಿಸಿ, ಆಮೇಲೆಯೇ ಗಿರಾಕಿಯನ್ನು ಬಿಡುತ್ತಿದ್ದಳು.

ಐದನೇ ವಾರ ಅಜ್ಜಿಯ ಬಾಯಿ ತನ್ನ ಕೆಲಸ ಮಾಡಿತು. ಮೇಲ್ಮನೆಯ ಹೆಂಗಸು ಮೆಟ್ಟಿಲಲ್ಲಿ ಅಮ್ಮನನ್ನು ತಡೆದು, ನಿಮ್ಮ ಹುಡುಗಿ ಹೋಗುವ ಟ್ಯೂಷನ್ ಎಲ್ಲಿ, ನಮ್ಮವಳೂ ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ, ಇಬ್ಬರನ್ನೂ ಜೊತೆಗೇ ಕಳಿಸೋಣ ಎಂದಳು. ಅಮ್ಮ ಜಾಗ ಇಲ್ಲವಂತೆ ಎಂದಳು. ಹಾಗಾದರೆ ಫೋನ್ ನಂಬರ್ ಕೊಡಿ, ನಾನೇ ಕೇಳುತ್ತೇನೆ ಎಂದಳು ಆಕೆ. ನಂಬರ್ ಮನೆಯಲ್ಲಿದೆ ಎಂದು ಅಮ್ಮ ನಾಲ್ಕು ಮೆಟ್ಟಿಲು ಒಟ್ಟಿಗೆ ಇಳಿದಳು. ಮನೆಯೊಳಗೆ ಬೇಡದ ಕಾಟ, ಹೊರಗೆ ಸುಳ್ಳಿನ ಕಾಟ, ಗುರುವಾರವಾದರೆ ಅರ್ಧ ದಿನದ ರಜಕ್ಕೆ ಮಾಲೀಕನ ಗಂಟುಮೋರೆ. ಸಾಕಪ್ಪಾ ಸಾಕು ಎನ್ನಿಸಿತು ಅವಳಿಗೆ.

ಆ ಗುರುವಾರ ಮೇಡಮ್ಮಿನ ಕೋಣೆಯಿಂದ ಹೊರಬಂದು ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತರು. ಬಸ್ಸು ತಿರುವಿನಲ್ಲಿ ಕಾಣಿಸಿತ್ತು. ಅಮ್ಮ ಚೀಲದಲ್ಲಿ ಚಿಲ್ಲರೆ ಹುಡುಕುತ್ತ, ಮಗಳ ಮುಖ ನೋಡದೆ ಹೇಳಿದಳು.

"ಈ ಅಲೆದಾಟ ನಿಲ್ಲಿಸಿಬಿಡೋಣ. ಮುಂದಿನ ವಾರದಿಂದ ಹೋಗೋದು ಬೇಡ. ಏನಂತೀಯ?"

"ಬೇಡ," ಎಂದಳು ಬಂಗಾರಿ.

"ನೋಡು, ಇದೊಂದಕ್ಕಾದ್ರೂ ನಾನು ಹೇಳಿದ್ದಕ್ಕೆ ಒಪ್ಪಿದೆಯಲ್ಲ," ಎಂದು ಅಮ್ಮ ಬಸ್ಸು ಹತ್ತಿದಳು. ಹುಡುಗಿ ಇನ್ನೇನೋ ಹೇಳಲು ಬಾಯಿ ತೆರೆದಂತಿತ್ತು. ಹಿಂದಿನವರು ತಳ್ಳಿದರು. ಮಾರನೇ ದಿನವೇ ಅಮ್ಮ ಲಾಂಡ್ರಿಯಿಂದ ಫೋನು ಮಾಡಿ, ಮಗಳಿಗೂ ಬೇಡವಂತೆ ಎಂದು ಮೇಡಮ್ಮಿಗೆ ತಿಳಿಸಿದಳು.

ಅದರ ಗುಣ ಕಂಡದ್ದಂತೂ ನಿಜ. ಎರಡೇ ದಿನದಲ್ಲಿ ಹಳೆಯ ಬಂಗಾರಿ ವಾಪಸು ಬಂದಳು. ಮೊಟ್ಟೆ ತಿಂದಳು. ಬದನೆಕಾಯಿ ತಿಂದಳು. ಸೆಖೆಯಲ್ಲೂ ಹಸಿರು ಸ್ವೆಟರು ಹಾಕಿಕೊಂಡಳು. ಏನು ಕೇಳಿದರೂ ನಿನ್ನಿಷ್ಟ. ಟ್ಯೂಷನ್ ಬಿಡಿಸಿದ್ದೇ ಒಳ್ಳೆಯದಾಯಿತು ಎಂದು ಅಜ್ಜಿ ಹಿಗ್ಗಿದರು. ಶಾಲೆಗೆ ಹೋಗುವುದೂ ಈಗ ಮೇಲ್ಮನೆಯ ಹುಡುಗಿಯ ಜೊತೆ. ಆ ಹುಡುಗಿಗೆ ಹೊಸ ಗೆಳತಿಯರು ಬೇಸರವಾಗಿದ್ದರೋ, ಬ್ಯಾಗು ಹೊರಲು ಜನ ಬೇಕಿತ್ತೋ, ಅಂತೂ ಕೆಳಗಿಳಿದು ಬಂದು ಬಾ ಎಂದಳು, ಇವಳು ಹೋದಳು. ಅಮ್ಮ ಒಂದು ವಾರ ನೆಮ್ಮದಿಯಾಗಿ ಉಂಡಳು.

ಎರಡನೇ ವಾರ ಅವಳಿಗೆ ಊಟ ಸೇರಲಿಲ್ಲ. ಹುಡುಗಿ ಮೇಜಿನ ಮುಂದೆ ಕೂತು ಯಾರದೋ ನೋಟ್‌ಬುಕ್ಕಿನಲ್ಲಿ ಪಾಠ ಬರೆಯುತ್ತಿದ್ದಳು. ಮೇಲ್ಮನೆಯವಳ ಪುಸ್ತಕ, ಮೇಲ್ಮನೆಯವಳದೇ ಅಕ್ಷರ. ಯಾವ ಟೀಚರೂ ಪತ್ತೆ ಹಚ್ಚಲಾರದಷ್ಟು ಚೆನ್ನಾಗಿತ್ತು. ನಿನ್ನದು ಬರೆದೆಯಾ ಎಂದು ಕೇಳಿದರೆ ತಲೆಯಾಡಿಸಿದಳು, ಇಲ್ಲ ಎಂದು. ಪಕ್ಕದಲ್ಲಿ ಅವಳ ಸ್ವಂತ ಪುಸ್ತಕ ಮುಚ್ಚಿಕೊಂಡೇ ಇತ್ತು.

ಅದಾದ ನಾಲ್ಕನೇ ದಿನ ಅಮ್ಮ ಕೆಲಸ ಮುಗಿಸಿ ಬಂದಾಗ ಬಾಗಿಲು ತೆಗೆದದ್ದು ಯಾರೆಂದು ಒಂದು ಗಳಿಗೆ ತಿಳಿಯಲಿಲ್ಲ. ಬೆನ್ನಿನವರೆಗಿದ್ದ ಕೂದಲು ಕಿವಿಯ ಮೇಲಕ್ಕೆ ಹೋಗಿತ್ತು. ಎಡಗಡೆ ಒಂದಳತೆ, ಬಲಗಡೆ ಇನ್ನೊಂದಳತೆ, ಹಿಂದೆ ಇಲಿ ಕಡಿದ ಹಾಗೆ. ಅಜ್ಜಿ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು.

"ಯಾರು ಕತ್ತರಿಸಿದ್ದು?"

"ಅವಳು. ಮೇಲಿನ ಮನೆಯವಳು. ಅವಳಿಗೆ ಗಿಡ್ಡ ಕೂದಲು ಹೇಗೆ ಕಾಣುತ್ತೆ ಅಂತ ನೋಡ್ಬೇಕಿತ್ತು."

"ಅವಳು ನೋಡೋಕೆ ನಿನ್ನ ತಲೆ ಬೇಕಿತ್ತಾ?"

"ಚೆನ್ನಾಗಿ ಕಾಣಲಿಲ್ಲ. ಅದಕ್ಕೆ ಅವಳು ಕತ್ತರಿಸ್ಕೊಳ್ಳಲಿಲ್ಲ."

ಹುಡುಗಿಯ ದನಿಯಲ್ಲಿ ಅಳುವಿಲ್ಲ, ಸಿಟ್ಟಿಲ್ಲ; ಬೇರೆ ಯಾರದೋ ತಲೆಯ ವಿಷಯ ಹೇಳಿದ ಹಾಗೆ. ಅಮ್ಮ ಚೀಲವನ್ನು ನೆಲಕ್ಕೆ ಬಿಸಾಡಿದಳು. ಅಕ್ಕಪಕ್ಕದವರು ಕೇಳುತ್ತಾರೆಂಬ ಎಗ್ಗಿಲ್ಲದೆ ಗಂಟಲು ಹರಿಯುವ ಹಾಗೆ ಕೂಗಿದಳು.

"ಬೇಡ ಅನ್ನೋಕೆ ನಿನಗೆ ಬಾಯಿ ಇರಲಿಲ್ವಾ? ನನಗೆ ಮಾತ್ರ ದಿನಾ ಬೇಡ ಬೇಡ ಅಂತ ಜೀವ ತಿಂದ್ಯಲ್ಲ, ಅವಳಿಗೆ ಒಂದು ಸಲ ಅನ್ನೋಕೆ ಏನಾಗಿತ್ತು?"

ಬಂಗಾರಿ ಒಳಗೆ ಹೋಗಿ ಒಂದು ಸಣ್ಣ ಪುಸ್ತಕ ತಂದು ಅಮ್ಮನ ಕೈಗೆ ಕೊಟ್ಟಳು. ದಿನಕ್ಕೆ ಮೂರು ಗೆರೆ. ಮೇಲೆ ಮೇಡಮ್ಮಿನ ದುಂಡನೆಯ ಅಕ್ಷರ: ದಿನಕ್ಕೆ ಮೂರು ಸಲ, ನಿಜವಾಗಿ ಬೇಡವಾದದ್ದಕ್ಕೆ. ಕೆಳಗೆ ಹುಡುಗಿಯ ಬರಹ. ಅದು ಮೇಲ್ಮನೆಯವಳ ಅಕ್ಷರವಾಗಿರಲಿಲ್ಲ. ಸೊಟ್ಟಸೊಟ್ಟ, ಅಲ್ಲಲ್ಲಿ ಒತ್ತಿ ಹಾಳೆ ಹರಿದಿದ್ದ, ಅಮ್ಮ ಎಂದೂ ನೋಡಿರದ ಅಕ್ಷರ. ಮೊಟ್ಟೆ, ಅಮ್ಮನಿಗೆ. ತಲೆ ಬಾಚುವುದು, ಅಮ್ಮನಿಗೆ. ಸ್ವೆಟರು, ಅಮ್ಮನಿಗೆ, ಪಾಪ. ಪುಟದ ಮೇಲೆ ಪುಟ ಅಮ್ಮನಿಗೆ, ಅಮ್ಮನಿಗೆ. ಕೊನೆಯ ಗುರುವಾರದ ಗೆರೆಯಲ್ಲಿ ಇಷ್ಟೇ ಇತ್ತು: ಮೇಡಮ್ ಹತ್ತಿರ ಹೋಗೋದು ನಿಲ್ಲಿಸೋದು, ಅಮ್ಮನಿಗೆ. ಕೇಳಿಸಲಿಲ್ಲ.

ಅಲ್ಲಿಂದ ಮುಂದೆ ಪುಸ್ತಕ ಖಾಲಿ.

"ನಿಲ್ಲಿಸೋದು ಬೇಡ ಅಂದೆ ನಾನು," ಎಂದಳು ಹುಡುಗಿ. "ನೀನು ಹೋಗೋದು ಬೇಡ ಅಂತ ಬರ್ಕೊಂಡೆ."

ಅಮ್ಮ ಕುರ್ಚಿ ಹುಡುಕಿ ಕೂತಳು. ದಿನಕ್ಕೆ ಐವತ್ತು ಜನ ಅಪರಿಚಿತರನ್ನು ಹಿಡಿದು ನಿಲ್ಲಿಸಿ ಏನು ಬೇಡ ಎಂದು ಕೇಳುವವಳು, ಹೆತ್ತ ಮಗಳನ್ನು ಕೇಳದೆ ಬಸ್ಸು ಹತ್ತಿದ್ದಳು. ಆ ಕೋಟಿನ ಗಿರಾಕಿ ಎದುರು ನಿಂತು ಬೈದಾಗಲೂ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

"ಎಲ್ಲಾ ನನಗೇ ಯಾಕೆ ಅಂದೆ?" ಎಂದು ಕೊನೆಗೆ ಕೇಳಿದಳು. "ನಿಮ್ಮಪ್ಪ ಇರಲಿಲ್ವಾ, ಅಜ್ಜಿ ಇರಲಿಲ್ವಾ?"

"ನಿನಗೆ ಮಾತ್ರ ಅನ್ನೋಕೆ ಆಗೋದು. ನೀನು ಬಯ್ತೀಯ, ಆದ್ರೆ ಬಿಟ್ಟು ಹೋಗಲ್ಲ."

ಅಮ್ಮನಿಗೆ ಅಳು ಬಂತು, ಜೊತೆಗೆ ಕೋಪವೂ ಬಂತು, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು. ಕಣ್ಣೊರೆಸಿಕೊಂಡು, ಹಾಗಾದರೆ ಮತ್ತೆ ಹೋಗುತ್ತೀಯಾ ಎಂದಳು. ಹುಡುಗಿ ಪುಸ್ತಕವನ್ನು ವಾಪಸು ತೆಗೆದುಕೊಂಡಳು.

"ನಿನ್ನಿಷ್ಟ."

ಮಾರನೇ ಬೆಳಗ್ಗೆ ಅಮ್ಮ ಮೇಡಮ್ಮಿಗೆ ಫೋನು ಮಾಡಿದಳು. ಗುರುವಾರದ ಹೊತ್ತು ಆಗಲೇ ಬೇರೆಯವರಿಗೆ ಹೋಗಿತ್ತು. ಉಳಿದದ್ದು ಶನಿವಾರ ಮಧ್ಯಾಹ್ನ ಮೂರು ಗಂಟೆ, ಲಾಂಡ್ರಿಯಲ್ಲಿ ಉಸಿರಾಡಲೂ ಬಿಡುವಿಲ್ಲದ ಹೊತ್ತು. ಅದಕ್ಕೂ ಮೇಡಮ್ ಒಂದು ಷರತ್ತು ಹಾಕಿದರು: ತಾಯಿ ಹೇಳಿದರೆ ಆಗದು, ಹುಡುಗಿಯೇ ಬೇಕು ಎನ್ನಬೇಕು. ಶನಿವಾರ ಬೆಳಗ್ಗೆ ಹತ್ತರೊಳಗೆ ತಿಳಿಸದಿದ್ದರೆ ಅದೂ ಬೇರೆಯವರಿಗೆ. ಆಮೇಲೆ ಎರಡು ತಿಂಗಳು ಜಾಗವಿಲ್ಲ.

ಅಮ್ಮ ಮೊದಲು ಮಾಲೀಕನ ಮುಂದೆ ಹೋಗಿ ನಿಂತಳು. ಬೇಡ ಎಂದಳು. ಅವನು ಲೆಕ್ಕದ ಪುಸ್ತಕದಿಂದ ತಲೆಯೆತ್ತಿ, ತನ್ನದೇ ಚೀಟಿಯ ಮೇಲೆ ಕಣ್ಣು ಹಾಯಿಸಿ, ಏನು ಬೇಡ ಎಂದ. ಶನಿವಾರ ಮಧ್ಯಾಹ್ನದ ಕೆಲಸ ಬೇಡ, ಬದಲಿಗೆ ಗುರುವಾರ ಪೂರ್ತಿ ಮಾಡುತ್ತೇನೆ ಎಂದಳು. ಅವನು ಗೊಣಗಿದ, ಬರೆದುಕೊಂಡ.

ಮನೆಗೆ ಬಂದು ಮಗಳಿಗೆ ಶನಿವಾರದ ವಿಷಯ ತಿಳಿಸಿದಳು; ನಿನ್ನಿಷ್ಟ ಎಂದಳು ಹುಡುಗಿ. ಅಮ್ಮ ಅಜ್ಜಿಗೂ ನಿಜ ಹೇಳಿದಳು. ಅದು ಟ್ಯೂಷನ್ ಅಲ್ಲ, ಮನಸ್ಸಿನ ತೊಂದರೆಗೆ ಮಾತಾಡಿಸುವವರು. ಅಜ್ಜಿ ತಮಗೆ ಸುಳ್ಳು ಹೇಳಿದ್ದಕ್ಕೆ ಮಗನನ್ನೂ ಸೊಸೆಯನ್ನೂ ಸೇರಿಸಿ ಹಿಡಿಶಾಪ ಹಾಕಿದರು.

"ಅಲ್ಲಿ ಏನು ಕಲಿಸ್ತಾರೆ ಮತ್ತೆ?"

"ಬೇಡ ಅನ್ನೋದನ್ನ, ಅತ್ತೆ."

"ಅದಕ್ಕೆ ಅಷ್ಟು ದೂರ ಯಾಕೆ ಕಳಿಸ್ಬೇಕು? ನನ್ನ ಮಾತಿಗೆ ನೀನು ಹೇಳೋದನ್ನ ನೋಡಿದ್ರೆ ಸಾಕಿತ್ತು," ಎಂದರು ಅಜ್ಜಿ. ಆದರೂ ಅವತ್ತು ಸಂಜೆ ಕತ್ತರಿ ತರಿಸಿ, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, ಎಡಗಡೆಯನ್ನೂ ಬಲಗಡೆಯನ್ನೂ ಒಂದು ಅಳತೆಗೆ ತಂದರು. ಕತ್ತರಿ ಆಡಿಸಿದಷ್ಟು ಹೊತ್ತೂ ಬಾಯಿ ಮೇಲ್ಮನೆಯವರ ಏಳು ತಲೆಮಾರನ್ನು ಬಿಡಲಿಲ್ಲ.

ಬೇಡ ಎನ್ನಲಾಗದ ಬಾಯಲ್ಲಿ ಬೇಕು ಎಲ್ಲಿಂದ ಬರಬೇಕು ಎಂದು ಶನಿವಾರದವರೆಗೆ ಅಮ್ಮ ಮಾಡಿದ ಸರ್ಕಸ್ಸು ಒಂದೆರಡಲ್ಲ. ಬದನೆಕಾಯಿ ಬೇಯಿಸಿದಳು, ಎರಡು ಹೊತ್ತೂ. ಹಸಿರು ಸ್ವೆಟರು ಎದುರಿಗೆ ಹಿಡಿದಳು. ಇರುವ ಪಾತ್ರೆಯನ್ನೆಲ್ಲ ಒಟ್ಟುಹಾಕಿ ತೊಳೆ ಎಂದಳು. ಹುಡುಗಿ ತಿಂದಳು, ಹಾಕಿಕೊಂಡಳು, ತೊಳೆದಳು. ತಿಂಗಳ ಹಿಂದೆ ಯಾವ ಮಾತಿಗೆ ಹಲ್ಲು ಕಡಿಯುತ್ತಿದ್ದಳೋ ಆ ಮಾತನ್ನು ಕೇಳಲು ಈಗ ಅಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಮನೆಯಲ್ಲಿ ತಿರುಗುತ್ತಿದ್ದಳು. ನಿನಗೇನು ಹುಚ್ಚೇ ಎಂದು ಅಪ್ಪ ಕೇಳಿದ. ಹೌದು ಎಂದಳು.

ಶನಿವಾರ ಬೆಳಗ್ಗೆ ಅಮ್ಮ ಒಂದು ಡಜನ್ ಮೊಟ್ಟೆ ಬೇಯಿಸಿದಳು. ಅಪ್ಪನಿಗೆ ಅವತ್ತು ರಜ, ಅವನೂ ಮೇಜಿಗೆ ಬಂದು ಕೂತಿದ್ದ. ಗಡಿಯಾರ ಒಂಬತ್ತೂ ಕಾಲು ತೋರಿಸುತ್ತಿತ್ತು. ಅಮ್ಮ ಮಗಳ ತಟ್ಟೆಗೆ ಒಂದು ಹಾಕಿ, ಬೇಕಾ ಎಂದು ಕೇಳಿದಳು. ನಿನ್ನಿಷ್ಟ ಎಂದಳು ಹುಡುಗಿ, ತಿಂದಳು. ಇನ್ನೊಂದು ಹಾಕಿದಳು. ಅದನ್ನೂ ತಿಂದಳು. ಮೂರನೆಯದಕ್ಕೆ ಅಪ್ಪ, ಏನೇ ಇದು, ಮಗುವಿಗೆ ಅಜೀರ್ಣ ಆಗುತ್ತೆ ಎಂದು ಕೈ ಅಡ್ಡ ಹಿಡಿಯಲು ಹೋದ. ಅಜ್ಜಿ ಅವನ ಕೈಯನ್ನು ಚಮಚದಿಂದ ಹೊಡೆದು ಕೆಳಗಿಳಿಸಿದರು. ಬಂಗಾರಿ ಮೂರನೆಯದನ್ನು ನಿಧಾನವಾಗಿ, ಕಣ್ಣಲ್ಲಿ ನೀರು ತಂದುಕೊಂಡು ನುಂಗಿದಳು. ಅಮ್ಮನಿಗೂ ಕಣ್ಣಲ್ಲಿ ನೀರು. ಆದರೂ ನಾಲ್ಕನೆಯದನ್ನು ಎತ್ತಿಕೊಂಡಳು.

ಹುಡುಗಿ ಎರಡೂ ಕೈಯನ್ನು ತಟ್ಟೆಯ ಮೇಲೆ ಮುಚ್ಚಿದಳು.

"ಬೇಡ."

ಅಮ್ಮ ಮೊಟ್ಟೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಮಗಳ ಎದುರಿಗೆ ಕೂತಳು. ಕಿವಿಯಿಂದ ಪೆನ್ಸಿಲು ತೆಗೆದಳು.

"ಏನು ಬೇಡ?"

"ಮೊಟ್ಟೆ ಬೇಡ," ಎಂದಳು ಬಂಗಾರಿ. ಆಮೇಲೆ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಶನಿವಾರ ಬೇಕು."

ಅಮ್ಮ ಲಾಂಡ್ರಿಯ ರಸೀದಿಯೊಂದನ್ನು ಮಗುಚಿ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು, ಮಗಳಿಗೆ ಒಮ್ಮೆ ಓದಿ ಹೇಳಿದಳು. ಆಮೇಲೆ ಫೋನನ್ನು ಅವಳ ಕೈಗೆ ಕೊಟ್ಟಳು.